ಅವನೇಕೆ ತೂಗಾಡುತ್ತಾನೆ?

ಮಕ್ಕಳೇ, ಬೆಂಗಳೂರಿನ ಪೀಣ್ಯದ ಹೆಸರನ್ನು ಕೇಳಿದ್ದೀರಲ್ಲವೇ? ಸಾಲು ಸಾಲಾಗಿ ಕಾರ್ಖಾನೆಗಳಿರುವ ಜಾಗ ಅದು. ಕಿರ್ರೆನ್ನುವ ಲೇತ್ ಯಂತ್ರಗಳು, ಧಡ್ ಧಡ್ ಎಂದು ತಗಡು ಒತ್ತುವ ಯಂತ್ರಗಳು, ಪಾಳಿ ಬದಲಾಗುವಾಗ ಕೂಗುವ ಸೈರನ್ನು, ಲಾರಿಗಳ ಹಾರ್ನು, ಮೇಲ್ಸೇತುವೆಯ ಮೇಲೆ ಹಾದುಹೋಗುವ ಮೆಟ್ರೊ ರೈಲು. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸದ್ದೇ ಸದ್ದು.

ಅಲ್ಲಿನ ಒಂದು ಸರ್ಕಾರಿ ಶಾಲೆಯ ಐದನೇ ತರಗತಿಯನ್ನು ಊಹಿಸಿಕೊಳ್ಳಿ. ಕಿಟಕಿಯ ಪಕ್ಕ ಹೊಸದಾಗಿ ಸೇರಿದ ಹುಡುಗನೊಬ್ಬ ಕುಳಿತಿದ್ದಾನೆ. ಅವನು ಕುಳಿತಲ್ಲಿಯೇ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿರುತ್ತಾನೆ. ಹೊರಗೆ ಸೈರನ್ ಕೂಗಿದರೆ ಹಕ್ಕಿ ರೆಕ್ಕೆ ಬಡಿಯುವಂತೆ ಎರಡೂ ಕೈಗಳನ್ನು ಪಟಪಟನೆ ಆಡಿಸುತ್ತಾನೆ. ಹಿಂದಿನ ಸಾಲಿನವರು ಕಿಸಕ್ಕನೆ ನಗುತ್ತಾರೆ. ಒಬ್ಬ ಅವನಂತೆಯೇ ಮಾಡಿ ಅಣಕಿಸುತ್ತಾನೆ. ಪಕ್ಕದವಳು ಅವನ ಕೈಗಳನ್ನು ಗಟ್ಟಿಯಾಗಿ ಹಿಡಿದು, "ಸುಮ್ಮನೆ ಕೂರೋ" ಎನ್ನುತ್ತಾಳೆ. ಅವನ ತೂಗಾಟ ಇನ್ನೂ ಜೋರಾಗುತ್ತದೆ. ಕೊನೆಗೆ ಕಿವಿ ಮುಚ್ಚಿಕೊಂಡು ಅಳತೊಡಗುತ್ತಾನೆ. ಮರುದಿನ ಅವನು ಶಾಲೆಗೆ ಬರುವುದಿಲ್ಲ.

ಇಲ್ಲಿ ಯಾರೂ ಬೇಕೆಂದು ಕೇಡು ಮಾಡಲಿಲ್ಲ. ಆದರೂ ಒಬ್ಬ ಹುಡುಗ ಶಾಲೆ ತಪ್ಪಿಸಿಕೊಂಡ. ಏಕೆ ಹೀಗಾಯಿತು? ಅವನು ಏಕೆ ತೂಗಾಡುತ್ತಾನೆ? ನಾವು ಏನಾದರೂ ಮಾಡಬಹುದಿತ್ತೇ? ಬನ್ನಿ, ತಿಳಿಯೋಣ.

ಮೊದಲು ನಮ್ಮನ್ನೇ ನೋಡಿಕೊಳ್ಳೋಣ

ಒಂದು ಪುಟ್ಟ ಸಮೀಕ್ಷೆ ಮಾಡಿ. ಪಾಠ ನಡೆಯುತ್ತಿರುವಾಗ 5 ನಿಮಿಷ ನಿಮ್ಮ ದೇಹ ಏನೇನು ಮಾಡುತ್ತದೆ ಎಂದು ಗಮನಿಸಿ. ಕಾಲು ಅಲ್ಲಾಡಿಸಿದಿರಾ? ಪೆನ್ನಿನ ಮುಚ್ಚಳವನ್ನು ಟಕ್ ಟಕ್ ಎನ್ನಿಸಿದಿರಾ? ಉಗುರು ಕಚ್ಚಿದಿರಾ? ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಿರಾ? ಒಂದಲ್ಲ ಒಂದನ್ನು ಮಾಡಿಯೇ ಇರುತ್ತೀರಿ. ಬೇಸರವಾದಾಗ, ಭಯವಾದಾಗ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗ ಇವು ಹೆಚ್ಚುತ್ತವೆ. ಸಂತೋಷ ಉಕ್ಕಿದಾಗ ನಾವು ಕುಣಿದಾಡುವುದಿಲ್ಲವೇ? ಅಳುವ ಮಗುವನ್ನು ಅಮ್ಮ ತೊಟ್ಟಿಲಲ್ಲಿ ತೂಗುವುದಿಲ್ಲವೇ? ಒಂದೇ ಲಯದಲ್ಲಿ ಮತ್ತೆ ಮತ್ತೆ ಆಗುವ ಚಲನೆ ಮನಸ್ಸಿಗೆ ಸಮಾಧಾನ ಕೊಡುತ್ತದೆ.

ಕೈ ಬಡಿಯುವುದು, ತೂಗಾಡುವುದು, ತಿರುಗುವುದು ಕೂಡ ಇಂಥವೇ. ಇವುಗಳನ್ನು ಪುನರಾವರ್ತಿತ ವರ್ತನೆಗಳು ಎನ್ನುತ್ತಾರೆ. ನಮ್ಮಲ್ಲಿ ಇವು ಚಿಕ್ಕದಾಗಿ ಇರುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ಮಕ್ಕಳಲ್ಲಿ ದೊಡ್ಡದಾಗಿ, ಹೆಚ್ಚು ಹೊತ್ತು ಕಾಣಿಸುತ್ತವೆ. ಅಂಥವರಲ್ಲಿ ಆಟಿಸಂ ಇರುವ ಮಕ್ಕಳೂ ಸೇರಿದ್ದಾರೆ.

ಆಟಿಸಂ ಎಂದರೇನು?

ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುತ್ತಾರೆ. ಇದು ಜ್ವರ, ನೆಗಡಿಯಂಥ ಕಾಯಿಲೆಯಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಲಸಿಕೆಯಿಂದ ಬರುವುದಿಲ್ಲ. ತಂದೆ ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂಬ ಕಾರಣಕ್ಕೂ ಬರುವುದಿಲ್ಲ. ಇದು ಮಿದುಳು ಬೆಳೆಯುವ ರೀತಿಯಲ್ಲಿರುವ ಒಂದು ವ್ಯತ್ಯಾಸ. ಬಹು ಚಿಕ್ಕ ವಯಸ್ಸಿನಿಂದಲೇ ಇರುತ್ತದೆ, ಬದುಕಿನುದ್ದಕ್ಕೂ ಇರುತ್ತದೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ ಅವರು 11 ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಆ ಮಕ್ಕಳು ಇತರರೊಡನೆ ಬೆರೆಯುತ್ತಿದ್ದ ರೀತಿ, ಮಾತು, ಒಂದೇ ಕ್ರಮ ಬೇಕೆನ್ನುವ ಹಟ ಎಲ್ಲವನ್ನೂ ಅವರು ವಿವರವಾಗಿ ಬರೆದರು. ಅಲ್ಲಿಂದ ಈಚೆಗೆ ಆಟಿಸಂ ಬಗ್ಗೆ ವೈದ್ಯರ ಗಮನ ಹೆಚ್ಚಿತು.

ಆಟಿಸಂ ಇರುವ ಎಲ್ಲರೂ ಒಂದೇ ತರಹ ಇರುವುದಿಲ್ಲ. ಒಬ್ಬರಿಗೆ ಮಾತೇ ಬರದಿರಬಹುದು. ಇನ್ನೊಬ್ಬರು ರೈಲುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಒಬ್ಬಳಿಗೆ ಮಿಕ್ಸಿಯ ಸದ್ದು ಸಹಿಸಲಾಗದು. ಮತ್ತೊಬ್ಬನಿಗೆ ಬಿದ್ದು ಮೊಣಕಾಲು ತರಚಿದರೂ ನೋವು ಗೊತ್ತಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಹಾಗಿದ್ದಲ್ಲಿ ನಿಮ್ಮ ಶಾಲೆಯಲ್ಲಿ, ಅಲ್ಲದಿದ್ದರೆ ನಿಮ್ಮ ಬೀದಿಯಲ್ಲಿ, ಇಂಥ ಒಬ್ಬ ಗೆಳೆಯನೋ ಗೆಳತಿಯೋ ಇರುವ ಸಾಧ್ಯತೆ ಸಾಕಷ್ಟಿದೆ.

ಇಂದ್ರಿಯಗಳು ಐದೇ ಅಲ್ಲ!

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ಇವು ಪಂಚೇಂದ್ರಿಯಗಳು ಎಂದು ಕಲಿತಿದ್ದೀರಿ. ಆದರೆ ನಮಗೆ ಗೊತ್ತಿಲ್ಲದಂತೆ ಕೆಲಸ ಮಾಡುವ ಇನ್ನೆರಡು ಅರಿವುಗಳಿವೆ. ಒಂದು ಸಮತೋಲನದ ಅರಿವು. ಇನ್ನೊಂದು ನಮ್ಮ ದೇಹದ ಭಾಗಗಳು ಎಲ್ಲಿವೆ ಎಂಬ ಅರಿವು. ಎರಡನ್ನೂ ಪರೀಕ್ಷಿಸಿ ನೋಡೋಣ.

ಮಾಡಿ ನೋಡಿ 1: ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಅದರ ಮೇಲೆ ಚಿಟಿಕೆ ಮೆಣಸಿನ ಪುಡಿ ಉದುರಿಸಿ. ಲೋಟವನ್ನು ಮೇಜಿನ ಮೇಲಿಟ್ಟು ಒಂದೇ ದಿಕ್ಕಿನಲ್ಲಿ ಸ್ವಲ್ಪ ಹೊತ್ತು ಗಿರಗಿರನೆ ತಿರುಗಿಸಿ. ಫಕ್ಕನೆ ನಿಲ್ಲಿಸಿ. ಲೋಟ ನಿಂತಿತು. ನೀರು? ಅದು ಇನ್ನೂ ತಿರುಗುತ್ತಲೇ ಇದೆ!

ನಮ್ಮ ಒಳಕಿವಿಯಲ್ಲಿಯೂ ಹೀಗೆಯೇ ಆಗುತ್ತದೆ. ಅಲ್ಲಿ ಪ್ರತಿ ಬದಿಗೆ ಮೂರರಂತೆ ಅರೆವೃತ್ತಾಕಾರದ ಸಣ್ಣ ನಾಳಗಳಿವೆ. ಅವುಗಳೊಳಗೆ ದ್ರವವಿದೆ. ತಲೆ ತಿರುಗಿದಾಗ ದ್ರವವು ಅಲ್ಲಿರುವ ಸೂಕ್ಷ್ಮ ಕೂದಲಿನಂಥ ಕೋಶಗಳನ್ನು ಬಾಗಿಸುತ್ತದೆ. ಆ ಕೋಶಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ನೀವು ಗಿರಕಿ ಹೊಡೆದು ನಿಂತ ಮೇಲೂ ದ್ರವ ಸ್ವಲ್ಪ ಹೊತ್ತು ಚಲಿಸುತ್ತಿರುತ್ತದೆ. ಅದಕ್ಕೇ ನಿಮಗೆ ಮೈದಾನವೇ ಸುತ್ತಿದಂತೆ ಕಾಣುತ್ತದೆ. ಜೋಕಾಲಿಯಲ್ಲಿ ಹಿಂದೆ ಮುಂದೆ ಹೋಗುವುದನ್ನು, ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗುವುದನ್ನು ತಿಳಿಸಲು ಒಳಕಿವಿಯಲ್ಲಿ ಬೇರೆ ಭಾಗಗಳಿವೆ. ಅವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳಿರುತ್ತವೆ. ಸೀಮೆಸುಣ್ಣದ ಕಲ್ಲಿನಲ್ಲಿ ಇರುವುದೂ ಅದೇ ವಸ್ತು!

ಮಾಡಿ ನೋಡಿ 2: ಕಣ್ಣು ಮುಚ್ಚಿ, ಒಂದು ಕೈಯನ್ನು ಪಕ್ಕಕ್ಕೆ ಚಾಚಿ. ಈಗ ತೋರುಬೆರಳಿನಿಂದ ನಿಮ್ಮ ಮೂಗಿನ ತುದಿ ಮುಟ್ಟಿ. ಮುಟ್ಟಿದಿರಲ್ಲವೇ? ಕಣ್ಣು ನೋಡದಿದ್ದರೂ ಕೈಗೆ ದಾರಿ ಗೊತ್ತಾದದ್ದು ಹೇಗೆ? ನಮ್ಮ ಸ್ನಾಯು ಮತ್ತು ಕೀಲುಗಳಲ್ಲಿ ಎಳೆತ, ಒತ್ತಡವನ್ನು ಅಳೆಯುವ ಪುಟ್ಟ ಸಂವೇದಕಗಳಿವೆ. ಕೈ ಎಲ್ಲಿದೆ, ಕಾಲು ಎಷ್ಟು ಮಡಿಸಿದೆ ಎಂಬ ಸುದ್ದಿಯನ್ನು ಅವು ಮಿದುಳಿಗೆ ಕಳಿಸುತ್ತಲೇ ಇರುತ್ತವೆ. ಈ ಅರಿವಿಗೆ ಹೆಸರು ಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್, 1906ರಲ್ಲಿ. 1932ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ತೂಗಾಟದ ಗುಟ್ಟು

ಈಗ ಕಿಟಕಿ ಪಕ್ಕದ ಹುಡುಗನನ್ನು ನೆನೆಸಿಕೊಳ್ಳಿ. ಅವನು ತೂಗಾಡುವಾಗ ಯಾವ ಅರಿವಿಗೆ ಕೆಲಸ? ಒಳಕಿವಿಗೆ. ಕೈ ಬಡಿಯುವಾಗ? ತೋಳಿನ ಸ್ನಾಯು, ಕೀಲುಗಳಿಗೆ.

ಆಟಿಸಂ ಇರುವ ಅನೇಕರ ಮಿದುಳು ಇಂದ್ರಿಯಗಳ ಸುದ್ದಿಯನ್ನು ಬೇರೆ ರೀತಿ ಸ್ವೀಕರಿಸುತ್ತದೆ. ನಮಗೆ ದೂರದ ಗದ್ದಲ ಎನಿಸುವ ಯಂತ್ರದ ಸದ್ದು ಅವರಿಗೆ ಕಿವಿಯ ಪಕ್ಕದಲ್ಲೇ ಸುತ್ತಿಗೆ ಬಡಿದಂತೆ ಇರಬಹುದು. ರೇಡಿಯೊದಲ್ಲಿ ನಾಲ್ಕು ಸ್ಟೇಷನ್ನುಗಳು ಒಟ್ಟಿಗೆ ಕೇಳಿದರೆ ನೀವು ಏನು ಮಾಡುತ್ತೀರಿ? ಒಂದನ್ನು ಹಿಡಿದುಕೊಳ್ಳಲು ನೋಡುತ್ತೀರಿ. ಆ ಹುಡುಗನಿಗೆ ತೂಗಾಟವೇ ಆ ಒಂದು ಸ್ಟೇಷನ್. ಅದು ಅವನೇ ಮಾಡುವ, ಅವನಿಗೆ ಗೊತ್ತಿರುವ, ಬದಲಾಗದ ಲಯ. ಆಟಿಸಂ ಇರುವ ಹಲವು ದೊಡ್ಡವರು ತಮ್ಮ ಅನುಭವ ಬರೆದಿದ್ದಾರೆ. ಇದು ತಮ್ಮನ್ನು ಶಾಂತಗೊಳಿಸುತ್ತದೆ, ಸಂತೋಷವನ್ನೂ ಹೀಗೆಯೇ ತೋರಿಸುತ್ತೇವೆ ಎಂದು ಅವರು ಹೇಳುತ್ತಾರೆ. ಹಾಗಾಗಿ ಅವನ ಕೈಗಳನ್ನು ಹಿಡಿದು ನಿಲ್ಲಿಸಿದರೆ ಗಾಬರಿ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ದನಗಳಿಂದ ಕಲಿತ ಹುಡುಗಿ

ಅಮೆರಿಕದಲ್ಲಿ 1947ರಲ್ಲಿ ಹುಟ್ಟಿದ ಟೆಂಪಲ್ ಗ್ರಾಂಡಿನ್ ಅವರಿಗೆ ಆಟಿಸಂ ಇದೆ. ಚಿಕ್ಕವರಿದ್ದಾಗ ಅವರಿಗೆ ಮಾತು ತಡವಾಗಿ ಬಂತು. ಯಾರಾದರೂ ಅಪ್ಪಿಕೊಂಡರೆ ಸಹಿಸಲು ಆಗುತ್ತಿರಲಿಲ್ಲ. ಆದರೆ ಮೈಗೆ ಒತ್ತಡ ಬೇಕು ಎಂದೂ ಅನಿಸುತ್ತಿತ್ತು.

ಒಮ್ಮೆ ಅವರು ಅರಿಜೋನಾದಲ್ಲಿದ್ದ ಚಿಕ್ಕಮ್ಮನ ದನಗಳ ಫಾರಂಗೆ ಹೋಗಿದ್ದರು. ಅಲ್ಲಿ ಚುಚ್ಚುಮದ್ದು ಕೊಡುವಾಗ ದನಗಳನ್ನು ಎರಡು ಹಲಗೆಗಳ ನಡುವೆ ನಿಲ್ಲಿಸಿ ಮೆಲ್ಲಗೆ ಒತ್ತುತ್ತಿದ್ದರು. ಗಾಬರಿಯಾಗಿದ್ದ ಕೆಲವು ದನಗಳು ಹೀಗೆ ಒತ್ತಿದ ಕೂಡಲೇ ಶಾಂತವಾಗುವುದನ್ನು ಹುಡುಗಿ ಗಮನಿಸಿದಳು. ತಾನೂ ಅದರೊಳಗೆ ನಿಂತು ನೋಡಿದಳು. ಮನಸ್ಸು ಹಗುರವಾಯಿತು! ಮುಂದೆ ತನಗಾಗಿ ಅಂಥದೇ ಒಂದು ಒತ್ತು ಯಂತ್ರವನ್ನು ಮರದಲ್ಲಿ ತಯಾರಿಸಿಕೊಂಡಳು. ಒತ್ತಡ ಎಷ್ಟು ಬೇಕು, ಯಾವಾಗ ಸಾಕು ಎಂಬುದನ್ನು ತಾನೇ ನಿರ್ಧರಿಸಬಹುದಿತ್ತು. ಅದೇ ಹುಡುಗಿ ಮುಂದೆ ಪ್ರಾಣಿ ವಿಜ್ಞಾನದ ಪ್ರಾಧ್ಯಾಪಕಿಯಾದರು. ದನಗಳಿಗೆ ಭಯವಾಗದಂಥ ಕೊಟ್ಟಿಗೆಗಳನ್ನೂ ದಾರಿಗಳನ್ನೂ ವಿನ್ಯಾಸ ಮಾಡಿ ಪ್ರಸಿದ್ಧರಾದರು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ದೇಹಕ್ಕೆ ಬೇಕಾದ ಅನುಭವ ಸಿಕ್ಕರೆ ಮನಸ್ಸು ಶಾಂತವಾಗಬಹುದು. ಅದನ್ನು ಕೊಡುವಾಗ ಆ ವ್ಯಕ್ತಿಯ ಒಪ್ಪಿಗೆ ಇರಬೇಕು.

ಓಟದ ಪ್ರಯೋಗ, ಚೆಂಡಿನ ಪ್ರಯೋಗ

ಹಾಗಾದರೆ ಆಟಗಳಿಂದ ಆ ಅನುಭವ ಕೊಡಬಹುದೇ? ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ.

1984ರಲ್ಲಿ ಅಮೆರಿಕದ ಕರ್ನ್, ಕೋಗೆಲ್ ಮತ್ತು ಡನ್‌ಲ್ಯಾಪ್ ಎಂಬ ಸಂಶೋಧಕರು ಆಟಿಸಂ ಇರುವ ಕೆಲವು ಮಕ್ಕಳೊಡನೆ ಒಂದು ಪ್ರಯೋಗ ಮಾಡಿದರು. ಕೆಲವೊಮ್ಮೆ 15 ನಿಮಿಷ ನಿಧಾನವಾಗಿ ಚೆಂಡಾಟ ಆಡಿಸಿದರು. ಕೆಲವೊಮ್ಮೆ 15 ನಿಮಿಷ ಬಿಡದೆ ಓಡಿಸಿದರು. ಆಮೇಲೆ ಪುನರಾವರ್ತಿತ ವರ್ತನೆಗಳನ್ನು ಗಮನಿಸಿದರು. ನಿಧಾನದ ಚೆಂಡಾಟದಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಓಟದ ನಂತರ ಮಾತ್ರ ಪ್ರತಿ ಸಲವೂ ಅವು ಕಡಿಮೆಯಾದವು.

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೈ ಎತ್ತಿ, "ಓಡಿ ಸುಸ್ತಾದರೆ ಯಾರು ತಾನೇ ಕೈ ಬಡಿಯುತ್ತಾರೆ?" ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ! ಕೇವಲ ಸುಸ್ತಾಗಿದ್ದರೆ ಕಲಿಕೆಯೂ ಕುಗ್ಗಬೇಕಿತ್ತು. ಆದರೆ 1982ರಲ್ಲಿ ನಡೆದ ಇಂಥದೇ ಅಧ್ಯಯನದಲ್ಲಿ ಓಟದ ನಂತರ ಮಕ್ಕಳು ಪಾಠದ ಪ್ರಶ್ನೆಗಳಿಗೆ ಹೆಚ್ಚು ಚೆನ್ನಾಗಿ ಉತ್ತರಿಸಿದ್ದರು. ಆದ್ದರಿಂದ ಸುಸ್ತೊಂದೇ ಕಾರಣವಲ್ಲ.

2018ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಅಧ್ಯಯನ ಇನ್ನೂ ಕುತೂಹಲದ್ದು. ಅದರಲ್ಲಿ 9ರಿಂದ 12 ವರ್ಷದ 30 ಮಕ್ಕಳಿದ್ದರು. ಕೆಲವರು ಕೈ ಬಡಿಯುವವರು, ಕೆಲವರು ತೂಗಾಡುವವರು. ಒಂದು ದಿನ ಅವರಿಗೆ ಕಥೆ ಹೇಳಿದರು. ಮತ್ತೊಂದು ದಿನ 15 ನಿಮಿಷ ಚೆಂಡನ್ನು ಕೈಯಿಂದ ತಟ್ಟುವ ಆಟ ಆಡಿಸಿದರು. ಕಥೆ ಹೇಳಿದ್ದು ಏಕೆ ಗೊತ್ತೇ? ಹೋಲಿಸಿ ನೋಡಲು. ಚೆಂಡು ತಟ್ಟಿದ ಮೇಲೆ ಕೈ ಬಡಿಯುವುದು ಕಡಿಮೆಯಾಯಿತು. ಆದರೆ ತೂಗಾಟ ಕಡಿಮೆಯಾಗಲಿಲ್ಲ!

ಏಕಿರಬಹುದು? ಯೋಚಿಸಿ. ಚೆಂಡು ತಟ್ಟುವಾಗ ಕೈಗಳು ಮೇಲೆ ಕೆಳಗೆ ಆಡುತ್ತವೆ. ಅದು ಕೈ ಬಡಿಯುವ ಚಲನೆಯನ್ನೇ ಹೋಲುತ್ತದೆ. ಬೇಕಿದ್ದ ಅನುಭವ ಕೈಗಳಿಗೆ ಆಟದಲ್ಲೇ ಸಿಕ್ಕಿತು. ತೂಗಾಡುವವರಿಗೆ ಬೇಕಿದ್ದುದು ಇಡೀ ಮೈಯ ಚಲನೆ. ಅದು ಚೆಂಡು ತಟ್ಟುವುದರಲ್ಲಿ ಇರಲಿಲ್ಲ. ಅಂದರೆ ಬೀಗಕ್ಕೆ ತಕ್ಕ ಕೀಲಿಯಂತೆ, ಮಗುವಿನ ಚಲನೆಗೆ ತಕ್ಕ ಆಟ ಬೇಕು ಎಂದು ಆ ಸಂಶೋಧಕರು ಹೇಳಿದರು. ಇವೆಲ್ಲ ಸಣ್ಣ ಸಂಖ್ಯೆಯ ಮಕ್ಕಳೊಡನೆ ನಡೆದ ಅಧ್ಯಯನಗಳು. ಎಲ್ಲರಿಗೂ ಹೊಂದುವ ಒಂದೇ ಆಟ ಎಂಬುದಿಲ್ಲ. ಆಟದಿಂದ ಆಟಿಸಂ ಹೋಗುವುದೂ ಇಲ್ಲ. ಮಗುವಿಗೆ ಸಮಾಧಾನ ಸಿಕ್ಕಿ, ಪಾಠ ಕೇಳಲು, ಗೆಳೆಯರೊಡನೆ ಇರಲು ಸುಲಭವಾದರೆ ಅದೇ ದೊಡ್ಡ ಲಾಭ.

ನಮ್ಮ ಮೈದಾನದಲ್ಲಿ ಏನೇನಿದೆ?

ಇದಕ್ಕೆಲ್ಲ ದುಬಾರಿ ಸಾಮಾನು ಬೇಕೇ? ಬೇಡ. ನಮ್ಮ ಊರಿನ ಆಟಗಳನ್ನೇ ಈಗ ಹೊಸ ಕಣ್ಣಿನಿಂದ ನೋಡಿ.

ಜೋಕಾಲಿ: ಹಿಂದೆ ಮುಂದೆ ತೂಗುತ್ತದೆ. ಒಳಕಿವಿಗೆ ಲಯಬದ್ಧ ಚಲನೆ ಸಿಗುತ್ತದೆ.

ಕುಂಟೆಬಿಲ್ಲೆ: ಒಂಟಿ ಕಾಲಿನ ಕುಪ್ಪಳಿಕೆ. ಕಾಲಿನ ಕೀಲುಗಳಿಗೆ ಒತ್ತಡ, ಸಮತೋಲನಕ್ಕೆ ಅಭ್ಯಾಸ.

ಹಗ್ಗ ಜಗ್ಗಾಟ: ತೋಳು, ಭುಜ, ಬೆನ್ನಿನ ಸ್ನಾಯುಗಳಿಗೆ ಬಲವಾದ ಎಳೆತ.

ಚೆಂಡು ಪುಟಿಸುವುದು, ಗೋಡೆಗೆ ಎಸೆದು ಹಿಡಿಯುವುದು: ಕೈಗಳಿಗೆ ಮತ್ತೆ ಮತ್ತೆ ಒಂದೇ ಚಲನೆ.

ಮೈದಾನದ ಸುತ್ತ ಓಟ: ಇಡೀ ಮೈಗೆ ಕೆಲಸ. ಉಸಿರು, ಹೃದಯ ಬಡಿತ ಎರಡೂ ಏರುತ್ತವೆ.

ಗಿಡಗಳಿಗೆ ನೀರಿನ ಬಕೆಟ್ ಹೊರುವುದು, ಪುಸ್ತಕದ ಕಟ್ಟು ಸಾಗಿಸುವುದು: ಇದು ಆಟವಲ್ಲ. ಆದರೂ ಸ್ನಾಯುಗಳಿಗೆ ಒಳ್ಳೆಯ ಭಾರ. ಜೊತೆಗೆ ತರಗತಿಯಲ್ಲಿ ಅವನಿಗೂ ಒಂದು ಜವಾಬ್ದಾರಿ ಸಿಕ್ಕಂತೆ.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ದುಡಿಯಲು ಬಂದ ಅನೇಕ ಕುಟುಂಬಗಳು ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಇರುತ್ತವೆ. ಮನೆಯ ಮುಂದಿನ ಓಣಿಯಲ್ಲಿ ಬೈಕುಗಳು ನಿಂತಿರುತ್ತವೆ, ರಸ್ತೆಯಲ್ಲಿ ಲಾರಿ, ಕಂಪನಿ ಬಸ್ಸುಗಳು ಓಡುತ್ತಿರುತ್ತವೆ. ಅಂಥ ಮನೆಯ ಮಗುವಿಗೆ ಮನಸಾರೆ ಓಡಲು ಇರುವ ಜಾಗ ಯಾವುದು? ಶಾಲೆಯ ಮೈದಾನ! ಅದು ಎಷ್ಟೇ ಚಿಕ್ಕದಿರಲಿ, ಅವನ ಪಾಲಿಗೆ ಅದು ಬಹಳ ದೊಡ್ಡದು. ಅಲ್ಲಿಂದಲೂ ಅವನನ್ನು ದೂರವಿಟ್ಟರೆ ಅವನಿಗೆ ಬೇರೆ ಜಾಗವೇ ಇಲ್ಲ.

ಸಹಾಯ ಎಲ್ಲಿದೆ?

ಯಾವ ಮಗುವಿಗೆ ಯಾವ ಆಟ ಹೊಂದುತ್ತದೆ ಎಂದು ಹೇಳಲು ತರಬೇತಾದವರಿದ್ದಾರೆ. ಅವರನ್ನು ಆಕ್ಯುಪೇಷನಲ್ ಥೆರಪಿಸ್ಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ 2000ದಲ್ಲಿ ಡಾ. ಪ್ರತಿಭಾ ಕಾರಂತ್ ಅವರು 'ಕಮ್ಯುನಿಕೇಷನ್ ಡೀಲ್' ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಅದರಲ್ಲಿ ಪುಟ್ಟ ಮಕ್ಕಳಿಗೆ ಮಾತಿನ ತಜ್ಞರು, ಆಕ್ಯುಪೇಷನಲ್ ಥೆರಪಿಸ್ಟರು, ಶಿಕ್ಷಕರು ಒಟ್ಟಾಗಿ ಕಲಿಸುತ್ತಾರೆ. ಮಾತಿನ ಜೊತೆಗೇ ಕೈಕಾಲುಗಳ ಚಲನೆಗೂ ಅಲ್ಲಿ ಸ್ಥಾನವಿದೆ. ಆಟಿಸಂ ಇರುವ ಮಕ್ಕಳಿಗಾಗಿ 1995ರಲ್ಲಿ ಆರಂಭವಾದ 'ಆಶಾ' ಸಂಸ್ಥೆಯೂ ಬೆಂಗಳೂರಿನಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ನಗರದೊಳಕ್ಕೆ ಬರುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಸರ್ಕಾರಿ ಶಾಲೆಗೆ ಆರೋಗ್ಯ ತಪಾಸಣೆಗೆ ವೈದ್ಯರ ತಂಡ ಬರುವುದನ್ನು ನೋಡಿದ್ದೀರಲ್ಲವೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದು. ಅದರ ತಪಾಸಣೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರೂ ಇರುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಒಂದು. ಎಲ್ಲರ ಜೊತೆ ಕುಳಿತು ಕಲಿಯುವುದು ಅಂಥ ಮಗುವಿನ ಹಕ್ಕು. ಅದು ನಾವು ತೋರುವ ಕರುಣೆಯಲ್ಲ.

ನಿಲ್ಲಿಸಲೇಬೇಕೇ?

ಕೈ ಬಡಿಯುವುದರಿಂದ ಅವನಿಗಾಗಲಿ ಬೇರೆಯವರಿಗಾಗಲಿ ನೋವಿಲ್ಲದಿದ್ದರೆ ನಿಲ್ಲಿಸಬೇಕಾದ ಅಗತ್ಯವೇ ಇಲ್ಲ. ನೀವು ಕಾಲು ಅಲ್ಲಾಡಿಸುವುದನ್ನು ನಾವು ಬಿಟ್ಟಿಲ್ಲವೇ? ಆದರೆ ಕೆಲವು ಮಕ್ಕಳು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾರೆ, ಕೈ ಕಚ್ಚಿಕೊಳ್ಳುತ್ತಾರೆ. ಹಾಗೆ ಕಂಡರೆ ತಡಮಾಡದೆ ಶಿಕ್ಷಕರಿಗೆ ತಿಳಿಸಿ. ಮಗುವಿಗೆ ಹಲ್ಲು ನೋವು, ಹೊಟ್ಟೆ ನೋವು ಇದ್ದು ಹೇಳಲಾಗದೆ ಹೀಗೆ ಮಾಡುತ್ತಿರಲೂಬಹುದು. ಅದನ್ನು ದೊಡ್ಡವರು ಪರೀಕ್ಷಿಸಬೇಕು.

ನೀವು ಮಾಡಬಹುದಾದದ್ದು ಇಷ್ಟು. ಅಣಕಿಸಬೇಡಿ. ಹಿಂದಿನಿಂದ ಬಂದು ಫಕ್ಕನೆ ಮುಟ್ಟಬೇಡಿ. ಆಟಕ್ಕೆ ಕರೆಯುವಾಗ ಚೆಂಡನ್ನು ತೋರಿಸಿ, ಚಿಕ್ಕ ಮಾತಿನಲ್ಲಿ ಕೇಳಿ, ಉತ್ತರಕ್ಕೆ ಕಾಯಿರಿ. ಒಲ್ಲೆ ಎಂದರೆ ಬಲವಂತ ಬೇಡ, ನಾಳೆ ಮತ್ತೆ ಕೇಳಿ. ಜೋಕಾಲಿಯನ್ನು ಜೋರಾಗಿ ತಳ್ಳಬೇಡಿ. ಸಾಕೆಂದ ಕೂಡಲೇ ನಿಲ್ಲಿಸಿ. ಆಟ ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಇದ್ದರೆ ಅವನಿಗೆ ಸುಲಭ.

ಈಗ ಮತ್ತೆ ಆ ಐದನೇ ತರಗತಿಗೆ ಹೋಗೋಣ. ಒಂದು ವಾರ ಕಳೆದು ಹುಡುಗ ಶಾಲೆಗೆ ಬಂದಿದ್ದಾನೆ. ಶಿಕ್ಷಕರು ಅವನನ್ನು ಸದ್ದು ಕಡಿಮೆ ಇರುವ ಒಳಗಿನ ಸಾಲಿನಲ್ಲಿ ಕೂರಿಸಿದ್ದಾರೆ. ಪ್ರಾರ್ಥನೆ ಮುಗಿದ ಮೇಲೆ ಇಡೀ ತರಗತಿ ಮೈದಾನದ ಸುತ್ತ ಓಡುತ್ತದೆ. ಅವನೂ ಓಡುತ್ತಾನೆ. ಅಂದು ಕೈ ಹಿಡಿದು ನಿಲ್ಲಿಸಿದ್ದವಳು ಇಂದು ಅವನ ಪಕ್ಕದಲ್ಲಿ ಓಡುತ್ತಿದ್ದಾಳೆ. ಪಾಠದ ನಡುವೆ ಸೈರನ್ ಕೂಗಿದಾಗ ಅವನು ಒಂದೆರಡು ಸಲ ಕೈ ಬಡಿಯುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ. ಅವನು ಪುಸ್ತಕ ತೆರೆಯುತ್ತಾನೆ.

ಉತ್ತರಿಸಿ ನೋಡೋಣ

1. ಗಿರಕಿ ಹೊಡೆದು ನಿಂತ ಮೇಲೂ ಮೈದಾನ ಸುತ್ತಿದಂತೆ ಏಕೆ ಕಾಣುತ್ತದೆ?

2. ಹಾಂಗ್‌ಕಾಂಗಿನ ಪ್ರಯೋಗದಲ್ಲಿ ಒಂದು ದಿನ ಕಥೆ ಹೇಳದಿದ್ದರೆ ಏನು ತೊಂದರೆಯಾಗುತ್ತಿತ್ತು?

3. ನಿಮ್ಮ ಊರಿನಲ್ಲಿ ಆಡುವ ಐದು ಆಟಗಳನ್ನು ಪಟ್ಟಿ ಮಾಡಿ. ಯಾವುದರಲ್ಲಿ ಒಳಕಿವಿಗೆ ಹೆಚ್ಚು ಕೆಲಸ? ಯಾವುದರಲ್ಲಿ ಸ್ನಾಯು, ಕೀಲುಗಳಿಗೆ ಹೆಚ್ಚು ಕೆಲಸ? ಆಡಿ ನೋಡಿ ಬರೆಯಿರಿ.

4. ಇಂದು ಆಟದ ಹೊತ್ತಿನಲ್ಲಿ ನಿಮ್ಮ ತರಗತಿಯಲ್ಲಿ ಒಂಟಿಯಾಗಿ ನಿಂತವರು ಯಾರು? ನಾಳೆ ಅವರನ್ನು ಯಾವ ಆಟಕ್ಕೆ ಕರೆಯುತ್ತೀರಿ?